ಕೋಟೆ ಖಾಲಿ ಇದ್ದ ವರ್ಷಗಳು

ಹುಡೇದಹಾಳಿನ ಕೋಟೆಯ ಚರಿತ್ರೆಯನ್ನು ಎರಡು ಪುಟದೊಳಗೆ ಬರೆದುಕೊಡಿ ಎಂದು ತಹಶೀಲ್ದಾರ್ ಸುಂಕೇಶ ಹೇಳಿದಾಗ ಶ್ರೀಪ್ರಿಯಾಗೆ ಅದು ಒಂದು ಮಧ್ಯಾಹ್ನದ ಕೆಲಸವಾಗಿ ಕಂಡಿತು. ಗಡಿಯಾಚೆ, ತೆಲುಗಿನಲ್ಲಿ ವ್ಯವಹಾರ ನಡೆಯುವ ಆಲೂರಿನ ಮಂಡಲ ಕಚೇರಿಯಲ್ಲಿ ಅವಳು ಹಿರಿಯ ಗುಮಾಸ್ತೆ, ವಯಸ್ಸು ಐವತ್ತೊಂದು. ಸರ್ಕಾರ ಆ ಕೋಟೆಯನ್ನು ಒಂದು ಕಂಪನಿಗೆ ಮೂವತ್ತಮೂರು ವರ್ಷದ ಗುತ್ತಿಗೆಗೆ ಕೊಡುವುದರಲ್ಲಿತ್ತು. ಕಂಪನಿ ಅಲ್ಲಿ ಹೋಟೆಲು ಮಾಡುತ್ತದಂತೆ. ಹೋಟೆಲಿನ ಮುಂದೆ ನಿಲ್ಲಿಸುವ ಫಲಕಕ್ಕೆ, ಕೋಟೆ ಯಾರ ಯಾರ ಕೈ ದಾಟಿ ಬಂತು, ಏನೇನಕ್ಕೆ ಬಳಕೆಯಾಯಿತು ಎಂಬ ವಿವರ ಬೇಕಿತ್ತು. ಅವಳ ಅಜ್ಜ ಆ ಊರಿನ ಕೊನೆಯ ಶಾನುಭೋಗರು. ಅವರ ಮನೆತನದವರು ತಲೆಮಾರುಗಳಿಂದ ಬರೆದಿಟ್ಟ ಊರಿನ ಕೈಫಿಯತ್ತು, ಅಂದರೆ ಊರನ್ನು ಯಾರು ಆಳಿದರು, ಯಾವ ಬಾವಿಯನ್ನು ಯಾರು ತೋಡಿಸಿದರು ಎಂಬ ವೃತ್ತಾಂತದ ಪುಸ್ತಕ, ಆದವಾನಿಯಲ್ಲಿ ಅವಳ ಮನೆಯ ಅಲಮಾರಿನಲ್ಲೇ ಇತ್ತು. ಹಾಗಾಗಿ ತಹಶೀಲ್ದಾರರು ಬೇರೆ ಯಾರನ್ನೂ ಕೇಳಲಿಲ್ಲ.

ಆ ರಾತ್ರಿಯೇ ಅವಳು ಟಿಪ್ಪಣಿ ಮಾಡಿಕೊಂಡಳು. ಕೋಟೆ ಕಟ್ಟಿಸಿದವನು ಒಬ್ಬ ಪಾಳೆಗಾರ. ಗುಡ್ಡ ಹುಡುಕಿಕೊಂಡು ಹೋಗದೆ, ಕರಿಮಣ್ಣಿನ ಹೊಲಗಳ ನಡುವೆ, ಸಪಾಟಾದ ಬಯಲಲ್ಲಿ ಕಟ್ಟಿಸಿದ. ಮೂಲೆಗೊಂದರಂತೆ ನಾಲ್ಕು ದುಂಡನೆಯ ಹುಡೇವುಗಳು, ಅಂದರೆ ಕಾವಲಿನ ಬುರುಜುಗಳು, ಒಂದೇ ಒಂದು ಅಗಸೆ ಬಾಗಿಲು, ಒಳಗೆ ಒಂದು ಬಾವಿ. ಆದವಾನಿಯ ನವಾಬರ ದಂಡು ಬಂದು ಪಾಳೆಗಾರನನ್ನು ಹಿಡಿದುಕೊಂಡು ಹೋಯಿತು. ‘ಆಮೇಲೆ ಹನ್ನೊಂದು ವರ್ಷ ಕೋಟೆ ಖಾಲಿ ಬಿದ್ದಿತ್ತು’ ಎಂದು ಪುಸ್ತಕ ಹೇಳುತ್ತಿತ್ತು. ನಂತರ ನವಾಬರ ಕಿಲ್ಲೇದಾರ ಬಂದು ಕುಳಿತ. ಸೀಮೆ ಬಿಳಿಯರ ಕುಂಪಣಿಯ ಕೈಗೆ ಹೋದಾಗ ಅವನು ತನ್ನ ಕುದುರೆಗಳ ಸಮೇತ ಹೈದರಾಬಾದಿನ ದಾರಿ ಹಿಡಿದ. ‘ಏಳು ವರ್ಷ ಖಾಲಿ.’ ಆಮೇಲೆ ಕುಂಪಣಿಯ ಠಾಣೆ, ಊರೂರೇ ಹಸಿದು ಸತ್ತ ಡೊಗ್ಗಿ ಬರಗಾಲದಲ್ಲಿ ಗಂಜಿಯ ಮನೆ, ಬರ ಕಳೆದ ಮೇಲೆ ಆದವಾನಿಯ ಹತ್ತಿ ಸಾಹುಕಾರನೊಬ್ಬನ ಗೋದಾಮು. ಸಾಹುಕಾರ ತನ್ನ ಯಂತ್ರಗಳನ್ನು ರೈಲ್ವೆ ಸ್ಟೇಷನ್ನಿನ ಬಳಿಗೆ ಸಾಗಿಸಿದ ಮೇಲೆ ‘ಇಪ್ಪತ್ತೇಳು ವರ್ಷ ಖಾಲಿ’. ಇದು ಅಜ್ಜನ ಅಕ್ಷರ. ೧೯೭೬ರಲ್ಲಿ ಸರ್ಕಾರದವರು ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ತೆರೆದರು. ೨೦೦೪ರಲ್ಲಿ ಅದು ಆಲೂರಿನ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿಂದ ಮುಂದಿನದಕ್ಕೆ ಪುಸ್ತಕ ನೋಡುವ ಅಗತ್ಯವಿರಲಿಲ್ಲ. ಎರಡು ವರ್ಷದ ಹಿಂದೆ ಭೂಮಿಯ ಮರುಸರ್ವೆ ಆದಾಗ ಸರ್ವೇಯರ್ ನರೇಶನ ಜೊತೆ ಆ ಊರಿಗೆ ಹೋದವಳು ಅವಳೇ. ‘ಖಾಲಿ’ ಎಂದು ಅವಳೇ ಬರೆದು ರುಜು ಹಾಕಿದ್ದಳು.

ಮೂರನೆಯ ದಿನ ಪೀರಮ್ಮ ಕಚೇರಿಗೆ ಬಂದಳು.

ಊಟದ ಹೊತ್ತು. ಗಂಡಸರೆಲ್ಲ ಹೊರಗೆ ಹೋಗಿದ್ದರು. ಶ್ರೀಪ್ರಿಯಾ ಮನೆಯಿಂದ ತಂದ ಡಬ್ಬಿ ತೆರೆದು ತನ್ನ ಮೇಜಿನಲ್ಲೇ ಕುಳಿತಿದ್ದಳು. ಬಂದವಳು ಅರವತ್ತು ದಾಟಿದ ಹೆಂಗಸು. ಕಾಲಿಗೆ ಚಪ್ಪಲಿಯಿತ್ತು, ಅದನ್ನು ಬಾಗಿಲಾಚೆ ಬಿಟ್ಟು ಬಂದಳು. ತಾನು ಹುಡೇದಹಾಳಿನ ಕೋಟೆಯವಳು ಎಂದು ಹೇಳಿಕೊಂಡಳು. ಗಂಡ ಲಾಲಪ್ಪ ತೀರಿದ ಮರುವರ್ಷ, ಇಪ್ಪತ್ತೆರಡನೆಯ ವಯಸ್ಸಿಗೆ, ಹಾಸ್ಟೆಲಿನ ಅಡಿಗೆಗೆ ದಿನಗೂಲಿಯ ಮೇಲೆ ಸೇರಿದ್ದಳು. ಹಾಸ್ಟೆಲು ಆಲೂರಿಗೆ ಹೋದಾಗ ಪಾತ್ರೆಗಳನ್ನೂ ಮಂಚಗಳನ್ನೂ ಲಾರಿಗೆ ಏರಿಸಿದರು, ದಿನಗೂಲಿಯವಳನ್ನು ಯಾರೂ ಕರೆಯಲಿಲ್ಲ. ಅಡಿಗೆಮನೆಯಲ್ಲೇ ಉಳಿದಳು. ಒಂದು ಎಮ್ಮೆ, ನಾಲ್ಕು ಕೋಳಿ, ಅಂಗಳದಲ್ಲಿ ಬದನೆ, ಮೆಣಸಿನಕಾಯಿ. ಈಗ ಯಾರೋ ಪ್ಯಾಂಟಿನವರು ಬಂದು ಟೇಪು ಹಿಡಿದು ಅಳೆದು, ತಿಂಗಳೊಳಗೆ ಜಾಗ ಬಿಡು, ಇಲ್ಲಿ ಯಾರೂ ಇಲ್ಲ ಅಂತ ಸರ್ಕಾರದ ಕಾಗದದಲ್ಲೇ ಐತಿ ಎಂದು ತೋರಿಸಿ ಹೋಗಿದ್ದರು.

ಶ್ರೀಪ್ರಿಯಾ ಕೈ ತೊಳೆದು ಬಂದು ಸರ್ವೆಯ ಕಡತ ತೆಗೆದಳು. ಕಾಗದ ಸರಿಯಾಗಿಯೇ ಇತ್ತು. ತನ್ನ ರುಜು, ತಾರೀಖು, ಸಮಯ ಸಹ. ಮನೆತನದ ಅಭ್ಯಾಸ ಬಿಡದೆ ಏಕವಚನದಲ್ಲೇ ಹೇಳಿದಳು.

“ನೀ ಅವತ್ತ ಊರಾಗ ಇರಲಿಲ್ಲ, ಪೀರಮ್ಮ.”

“ಇದ್ನಲ್ರಿ ಬಾಯಾರ. ಅಡಿಗಿಮನ್ಯಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ನಿ. ನೀವು ಅಗಸಿ ಮುಂದ ನಿಂತು ಕೂಗಿದ್ರಿ, ಒಳಗ ಯಾರದಾರ ಅಂತ.”

“ಕೂಗಿದೆ. ಯಾರೂ ಇಲ್ಲ ಅಂತ ಉತ್ತರ ಬಂತು.”

“ಹೌದ್ರಿ. ನಾನ ಹೇಳಿದ್ನಿ.”

ಶ್ರೀಪ್ರಿಯಾಗೆ ಮೊದಲು ಸಿಟ್ಟು ಬಂತು. ಒಳಗೆ ಕೂತುಕೊಂಡು ಯಾರೂ ಇಲ್ಲ ಅಂದರೆ ಬರೆಯುವವರು ಏನು ಬರೆಯಬೇಕು ಎಂದು ಕೇಳಿದಳು. ಪೀರಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಯಾರದಾರ ಅಂದರೆ ಗಂಡಸರು ಯಾರದಾರ ಅಂತ ತಾನೆ ಕೇಳುವುದು, ಗಂಡಸರಿರಲಿಲ್ಲ, ಇಲ್ಲ ಅಂದೆ, ಅದರಲ್ಲಿ ಸುಳ್ಳೇನು ಬಂತು ಎಂದಳು.

ಸುಳ್ಳೇನೂ ಇರಲಿಲ್ಲ. ಆ ಸೀಮೆಯಲ್ಲಿ ಹೊರಬಾಗಿಲಿನಿಂದ ಬರುವ ಕೂಗಿಗೆ ಹೆಂಗಸರು ಕೊಡುವ ಉತ್ತರ ಅದೊಂದೇ. ಒಲೆಯ ಮುಂದೆ ನಾಲ್ವರು ಕೂತಿರಲಿ, ಯಾರೂ ಇಲ್ಲ ಎನ್ನುತ್ತಾರೆ. ಕೂಗಿದವನು ಸರಿ ಎಂದು ಹೋಗುತ್ತಾನೆ. ಹೇಳಿದವಳಿಗೂ ಕೇಳಿದವನಿಗೂ ಅದು ಅರ್ಥವಾಗುತ್ತದೆ. ಶ್ರೀಪ್ರಿಯಾಗೂ ಗೊತ್ತಿದ್ದುದೇ. ಆದರೆ ಅವತ್ತು ಅವಳು ಕೂಗಿದ್ದು ಪಕ್ಕದ ಮನೆಯವಳಾಗಿ ಅಲ್ಲ, ಕಚೇರಿಯವಳಾಗಿ. ಉತ್ತರ ಬಂದದ್ದು ಹೆಣ್ಣಿನ ದನಿಯಲ್ಲಿ ಎಂಬುದು ಈಗ ಸ್ಪಷ್ಟವಾಗಿ ನೆನಪಾಯಿತು. ಬಿಸಿಲಿತ್ತು, ನರೇಶ ಹೊಲದಲ್ಲಿ ಕಾಯುತ್ತಿದ್ದ, ಅಗಸೆಯ ಹೊಸ್ತಿಲು ಮೊಳಕಾಲಿನ ಎತ್ತರ. ಅವಳು ದಾಟಲಿಲ್ಲ.

ಅಷ್ಟರಲ್ಲಿ ಪಹಣಿ ಕೇಳಿಕೊಂಡು ಬಂದ ಒಬ್ಬ ರೈತ ಬಾಗಿಲಲ್ಲಿ ತಲೆ ಹಾಕಿ ಅವಳ ಮೇಜನ್ನು ದಾಟಿ ಒಳಗಿನ ಖಾಲಿ ಕುರ್ಚಿಗಳನ್ನು ನೋಡಿದ. “ಯಾರೂ ಇಲ್ರೇನು?” ಎಂದ.

“ಯಾರೂ ಇಲ್ಲ, ಊಟಕ್ಕ ಹೋಗ್ಯಾರ,” ಎಂದಳು ಶ್ರೀಪ್ರಿಯಾ.

ಹೇಳಿದ ಮೇಲೆ ಪೀರಮ್ಮನ ಕಡೆ ನೋಡಿದಳು. ಪೀರಮ್ಮ ನಗಲಿಲ್ಲ. ಅವಳಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಊರವರನ್ನು ಕೇಳಿದರೆ ಹೇಳಲಾರರೇ ಎಂದು ಶ್ರೀಪ್ರಿಯಾ ವಿಚಾರಿಸಿದಳು. ಹೋಟೆಲಿನಲ್ಲಿ ನಲವತ್ತು ಮಂದಿಗೆ ಕೆಲಸ ಕೊಡುತ್ತೇವೆ ಎಂದು ಕಂಪನಿಯವರು ಡಂಗುರ ಹೊಡೆಸಿದ್ದರು. ಅಂದಿನಿಂದ ಊರಲ್ಲಿ ಪೀರಮ್ಮನ ಕೈಯ ಹಾಲು ಕೊಳ್ಳುವವರೂ ಕೋಟೆಯ ಮಾತೆತ್ತುತ್ತಿರಲಿಲ್ಲ. ಅವಳ ಆಧಾರ್ ಕಾರ್ಡಿನಲ್ಲಿ ದೇವನಕೊಂಡದ ಅಣ್ಣನ ಮನೆಯ ವಿಳಾಸ, ಏಕೆಂದರೆ ಕೋಟೆಗೆ ಮನೆ ನಂಬರೇ ಇಲ್ಲ. ಅಣ್ಣ ತೀರಿಹೋಗಿದ್ದ, ಆ ಮನೆಯೂ ಮಾರಿಹೋಗಿತ್ತು. ಅವಳು ಅಲ್ಲೇ ಇದ್ದಳು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಅಗಸೆಯಲ್ಲಿ ನಿಂತು ಅವಳ ದನಿ ಕೇಳಿ, ಇಲ್ಲ ಎಂದು ಬರೆದುಕೊಂಡು ಹೋದವಳು.

ಸಂಜೆ ಶ್ರೀಪ್ರಿಯಾ ತಹಶೀಲ್ದಾರರ ಮುಂದೆ ಎಲ್ಲವನ್ನೂ ಹೇಳಿದಳು. ಸುಂಕೇಶ ಕೆಟ್ಟ ಮನುಷ್ಯನಲ್ಲ. ಪೂರ್ತಿ ಕೇಳಿಸಿಕೊಂಡ, ಒಮ್ಮೆ ನಕ್ಕ, ಆಮೇಲೆ ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದ. ಸ್ಥಳ ನೋಡದೆ ಬರೆದೆ ಎಂದು ಅವಳು ಈಗ ಒಪ್ಪಿಕೊಂಡರೆ ಮೆಮೊ ಬರುತ್ತದೆ. ಉಪ ತಹಶೀಲ್ದಾರರ ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದು, ಅದು ಕೆಳಗಿಳಿಯುತ್ತದೆ. ಸರ್ವೆಯ ದಿನ ಕೋಟೆ ಖಾಲಿಯೇ ಇತ್ತು, ಆ ಹೆಂಗಸು ಆಮೇಲೆ ಬಂದು ಸೇರಿಕೊಂಡಿದ್ದಾಳೆ ಎಂದು ಒಂದು ಸಾಲು ಬರೆದರೆ ಯಾರಿಗೂ ತೊಂದರೆಯಿಲ್ಲ. ಪೀರಮ್ಮನಿಗೆ ಹೇಗೂ ಎಲ್ಲಾದರೂ ಒಂದೂವರೆ ಸೆಂಟಿನ ನಿವೇಶನ ಕೊಡಿಸಬಹುದು, ಪಟ್ಟಿಯಲ್ಲಿ ಜಾಗ ಬಂದಾಗ. ಸೋಮವಾರದೊಳಗೆ ಬರೆದುಕೊಡಿ ಎಂದ.

ಆದವಾನಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ಆ ಸಾಲನ್ನು ಮನಸ್ಸಿನಲ್ಲೇ ತೆಲುಗಿನಲ್ಲಿ ಬರೆದು ನೋಡಿದಳು. ಸುಲಭವಾಗಿ ಬಂತು. ಒಂದು ಕ್ರಿಯಾಪದವನ್ನು ಸಹ ಬದಲಿಸಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷ ಅವಳು ಬರೆದದ್ದು ಇಂಥ ಸಾಲುಗಳನ್ನೇ.

ಅವಳ ಗಂಡ ವಸುಧೇಂದ್ರ ಮಂತ್ರಾಲಯಕ್ಕೆ ಹೋಗಿದ್ದ. ಮನೆಯಲ್ಲಿ ತಾಯಿ ಸಕ್ಕೂಬಾಯಿ ಒಬ್ಬಳೇ, ಎಪ್ಪತ್ತೊಂಬತ್ತರಲ್ಲೂ ಕನ್ನಡಕವಿಲ್ಲದೆ ಬತ್ತಿ ಹೊಸೆಯುವವಳು. ಹುಡೇದಹಾಳಿನ ಶಾನುಭೋಗರ ಮನೆಗೆ ಹದಿನಾರನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು ಅವಳು. ಶ್ರೀಪ್ರಿಯಾ ಚಹಾ ಮಾಡಿಕೊಟ್ಟು, ಮದುವೆಯಾಗಿ ಬಂದಾಗ ಕೋಟೆ ಹೇಗಿತ್ತು ಎಂದು ಸುಮ್ಮನೆ ಕೇಳಿದಳು. ಅದು ಅಜ್ಜನ ಪುಸ್ತಕದ ಇಪ್ಪತ್ತೇಳು ಖಾಲಿ ವರ್ಷಗಳ ನಡುವಿನ ಕಾಲ.

ಸಕ್ಕೂಬಾಯಿಗೆ ನೆನಪು ಮಾಡಿಕೊಳ್ಳಬೇಕಾದ ಅಗತ್ಯವೇ ಬೀಳಲಿಲ್ಲ. ಅಲ್ಲಿ ದಸ್ತಗಿರಮ್ಮ ಇದ್ದಳಲ್ಲ ಎಂದಳು. ಗೋದಾಮಿನಲ್ಲಿ ಹತ್ತಿ ಬಿಡಿಸುವ ಕೆಲಸಕ್ಕೆ ಬಂದು, ಸಾಹುಕಾರ ಹೋದ ಮೇಲೂ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಉಳಿದವಳು. ಅವಳ ಹತ್ತಿರ ಹೊಲಿಗೆ ಯಂತ್ರವಿತ್ತು. ಊರಿನಲ್ಲಿ ಆಗ ರವಿಕೆ ಹೊಲಿಯುವ ಇನ್ನೊಬ್ಬರಿರಲಿಲ್ಲ. ಸಕ್ಕೂಬಾಯಿ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹಿತ್ತಲ ಬಾಗಿಲಿಂದ ಹೋಗಿ ಅಲ್ಲಿ ಕೂರುತ್ತಿದ್ದಳು. ಹೊಲಿಗೆ ಕಲಿತದ್ದು ಅಲ್ಲೇ. ಹುಡೇವಿನ ಒಳಗೆ ತಂಪು, ಪಾರಿವಾಳಗಳ ಸದ್ದು. ದಸ್ತಗಿರಮ್ಮ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಎರಡು ವರ್ಷ, ವಾರಕ್ಕೆರಡು ಸಲ, ತನಗೆ ಆ ಊರಲ್ಲಿ ಉಸಿರಾಡುವುದಕ್ಕೆ ಇದ್ದ ಜಾಗ ಅದೊಂದೇ ಎಂದು ತಾಯಿ ಹೇಳಿದಳು. ಹೊಸೆದ ಬತ್ತಿಗಳನ್ನು ಎಣಿಸುವ ದನಿಯಲ್ಲೇ ಹೇಳಿದಳು. ಇದನ್ನು ಶ್ರೀಪ್ರಿಯಾ ಕೇಳುತ್ತಿದ್ದದ್ದು ಮೊದಲ ಸಲ.

“ಅಜ್ಜ ಆ ವರ್ಷ ಎಲ್ಲಾ ಖಾಲಿ ಅಂತ ಬರದಾರ, ಅವ್ವಾ.”

“ಮತ್ತೇನ ಬರೀತಾರ? ಗಂಡಸರು ಇರಲಿಲ್ಲಲ್ಲ ಅಲ್ಲೆ.”

“ಅವರಿಗೆ ಗೊತ್ತಿತ್ತೇನು, ಆಕಿ ಇದ್ದದ್ದು?”

“ಗೊತ್ತಿಲ್ಲದ ಏನು? ನಿಮ್ಮಜ್ಜಗ ಕೋಟು ಹೊಲದುಕೊಟ್ಟಾಕಿನೂ ಆಕಿನೇ.”

ಊಟವಾದ ಮೇಲೆ ಶ್ರೀಪ್ರಿಯಾ ಪುಸ್ತಕವನ್ನು ಮತ್ತೆ ತೆಗೆದಳು. ಈ ಸಲ ಕೋಟೆಯ ಪುಟ ಬಿಟ್ಟು ಬೇರೆ ಪುಟಗಳನ್ನು ಓದಿದಳು. ಬಾವಿಗಳ ವೃತ್ತಾಂತದಲ್ಲಿ, ಪಾಳೆಗಾರನನ್ನು ಹಿಡಿದುಕೊಂಡು ಹೋದ ನಾಲ್ಕನೆಯ ವರ್ಷ ಊರ ಬಾವಿಗಳು ಬತ್ತಿದವು, ಕೋಟೆಯವರು ಅಗಸೆ ತೆರೆದು ನೀರು ಬಿಟ್ಟರು ಎಂದಿತ್ತು. ಖಾಲಿ ಕೋಟೆಯ ಅಗಸೆಯನ್ನು ಒಳಗಿನಿಂದ ತೆರೆದವರು ಯಾರು ಎಂದು ಬರೆದವನು ಕೇಳಿಕೊಂಡಿರಲಿಲ್ಲ. ಕಿಲ್ಲೇದಾರ ಹೋದ ಏಳು ವರ್ಷಗಳ ಕಾಲಕ್ಕೆ ಸಂಬಂಧಪಟ್ಟಂತೆ, ಬೇರೊಂದು ಕೈ ಬರೆದ ಪುಟದಲ್ಲಿ, ಸೂಲಗಿತ್ತಿಯನ್ನು ಕೋಟೆಗೆ ಕರೆಸಿದ ಒಂದು ಸಾಲು ಸಿಕ್ಕಿತು. ಕುದುರೆಗಳನ್ನು ಕಿಲ್ಲೇದಾರ ಒಯ್ದಿದ್ದ. ಎಲ್ಲರನ್ನೂ ಒಯ್ದಿರಲಿಲ್ಲ.

ಅವಳು ಪುಸ್ತಕ ಮುಚ್ಚಿದಳು. ದುಃಖವಾಯಿತು ಎನ್ನುವಂತಿರಲಿಲ್ಲ. ತನ್ನ ಮನೆತನದ ಗಂಡಸರು ಸುಳ್ಳುಗಾರರಲ್ಲ, ಅಳತೆ ತಪ್ಪಿದವರಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವರು ಅಗಸೆಯಲ್ಲಿ ನಿಂತು ಕೂಗಿದ್ದರು, ಬಂದ ಉತ್ತರವನ್ನು ಬರೆದುಕೊಂಡಿದ್ದರು. ಅವರು ಗಂಡಸರು, ಪರರ ಮನೆಯ ಹೆಂಗಸರಿರುವ ಜಾಗಕ್ಕೆ ನುಗ್ಗುವುದು ಮರ್ಯಾದೆಯಲ್ಲ ಎಂದಾದರೂ ಅವರಿಗೆ ಒಂದು ನೆಪವಿತ್ತು. ತನಗೆ ಅದೂ ಇರಲಿಲ್ಲ. ತಾನು ಹೊಸ್ತಿಲು ದಾಟಿದ್ದರೆ ಪೀರಮ್ಮ ಕೂರಲು ಮಣೆ ಕೊಟ್ಟು ನೀರು ತರುತ್ತಿದ್ದಳು.

ಸೋಮವಾರ ಅವಳು ಎರಡು ಕಾಗದ ಬರೆದುಕೊಟ್ಟಳು. ಒಂದರಲ್ಲಿ, ಸರ್ವೆಯ ದಿನ ತಾನು ಕೋಟೆಯ ಒಳಗೆ ಹೋಗಲಿಲ್ಲ, ಒಳಗಿನಿಂದ ಪೀರಮ್ಮ ಕೊಟ್ಟ ಉತ್ತರವನ್ನು ಕೇಳಿ ಖಾಲಿ ಎಂದು ಬರೆದೆ, ಅದು ತನ್ನ ತಪ್ಪು ಎಂದಿತ್ತು. ಇನ್ನೊಂದು ಕೋಟೆಯ ಚರಿತ್ರೆ. ಎರಡು ಪುಟ ಕೇಳಿದ್ದಕ್ಕೆ ಮೂರು ಪುಟವಾಗಿತ್ತು. ಖಾಲಿ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹೆಸರು ಗೊತ್ತಿದ್ದಲ್ಲಿ ಹೆಸರು, ಗೊತ್ತಿಲ್ಲದಲ್ಲಿ ‘ಹೆಸರು ಉಳಿಯದ ಹೆಂಗಸರು’. ಸುಂಕೇಶ ಎರಡನ್ನೂ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮ ಇಷ್ಟ ಮೇಡಂ ಎಂದ. ಕಾಗದಗಳನ್ನು ಆದವಾನಿಗೆ ಕಳಿಸಿದ.

ಮೆಮೊ ಒಂದು ವಾರದಲ್ಲಿ ಬಂತು. ಬಡ್ತಿಯ ಪಟ್ಟಿ ಅವಳ ಹೆಸರಿಲ್ಲದೆ ಹೊರಬಿತ್ತು. ವಸುಧೇಂದ್ರ ಎರಡು ದಿನ ಮಾತು ಬಿಟ್ಟ. ಊರಿಗೆಲ್ಲ ಉಪಕಾರ ಮಾಡಲು ಹೊರಟವರು ಮನೆಯವರನ್ನು ಒಂದು ಮಾತು ಕೇಳುವುದಿಲ್ಲವೇ ಎಂದು ಮೂರನೆಯ ದಿನ ಕೇಳಿದ. ಅವಳು ಸಾರಿಗೆ ಒಗ್ಗರಣೆ ಹಾಕಿದಳು.

ವಿಚಾರಣೆ ಆದವಾನಿಯ ಸಬ್ ಕಲೆಕ್ಟರ್ ಕಚೇರಿಯಲ್ಲಿ ನಡೆಯಿತು. ಸಬ್ ಕಲೆಕ್ಟರ್ ಉತ್ತರದ ಕಡೆಯ ಹುಡುಗಿ, ತೆಲುಗು ಕಲಿತು ಒಂದು ವರ್ಷವಾಗಿತ್ತು, ಕನ್ನಡ ಬರುತ್ತಿರಲಿಲ್ಲ. ಪೀರಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕಂಪನಿಯ ಪರವಾಗಿ ಬಂದ ವಕೀಲ ಆಂಜಿನೇಯ ಸರ್ವೆಯ ಕಾಗದವನ್ನು ಮುಂದಿಟ್ಟ. ಖಾಲಿ ಎಂದು ಬರೆದ ಅಧಿಕಾರಿಯೇ ಈಗ ಬೇರೆ ಮಾತು ಹೇಳಿದರೆ ಯಾವುದನ್ನು ನಂಬುವುದು, ಯಾರೂ ಇಲ್ಲ ಎಂಬ ಉತ್ತರ ಬಂದದ್ದನ್ನು ಅವರೇ ಒಪ್ಪಿದ್ದಾರಲ್ಲ ಎಂದು ವಾದಿಸಿದ. ವಾದ ಗಟ್ಟಿಯಾಗಿಯೇ ಇತ್ತು. ಶ್ರೀಪ್ರಿಯಾ ಎದ್ದು ನಿಂತು ಆ ಸೀಮೆಯ ಹೆಂಗಸರ ಅಭ್ಯಾಸವನ್ನು ತೆಲುಗಿನಲ್ಲಿ ವಿವರಿಸತೊಡಗಿದಳು. ಹೇಳುತ್ತಾ ಹೋದಂತೆ ಅದು ತನ್ನ ಕಿವಿಗೇ ಹುಚ್ಚುಮಾತಾಗಿ ಕೇಳಿಸಿತು. ಬಾಗಿಲಲ್ಲಿದ್ದ ಜವಾನ ಬಾಯಿಗೆ ಕೈ ಅಡ್ಡ ಹಿಡಿದ.

ಸಬ್ ಕಲೆಕ್ಟರ್ ಅವಳನ್ನು ನಡುವೆಯೇ ತಡೆದಳು. ಅಭ್ಯಾಸಗಿಭ್ಯಾಸ ಅವಳಿಗೆ ಅರ್ಥವಾಗಿರಲಿಲ್ಲ. ಅವಳು ವಕೀಲನ ಕಡೆ ತಿರುಗಿ, ಕಲಿತ ತೆಲುಗಿನಲ್ಲಿ ಒಂದೊಂದೇ ಪದ ಜೋಡಿಸಿ ಕೇಳಿದಳು:

“ಎವರೂ ಲೇರನಿ ಎವರು ಚೆಪ್ಪಾರು?”

ಯಾರೂ ಇಲ್ಲ ಅಂತ ಹೇಳಿದವರು ಯಾರು?

ವಕೀಲ ಸರ್ವೆಯ ಕಾಗದವನ್ನು ತಿರುವಿ ನೋಡಿದ. ಪೀರಮ್ಮನಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಶಾಲೆಯಲ್ಲಿ ಹೆಸರು ಕೂಗಿದಾಗ ಮಕ್ಕಳು ಎತ್ತುವಂತೆ ಕೈ ಎತ್ತಿದಳು.

ಆದೇಶ ಹದಿನೈದು ದಿನಕ್ಕೆ ಬಂತು. ಅಡಿಗೆಮನೆ, ಅದಕ್ಕೆ ಹೊಂದಿದ ಕೋಣೆ, ಮುಂದಿನ ಅಂಗಳ, ಇಷ್ಟು ಗುತ್ತಿಗೆಯಿಂದ ಹೊರಗೆ. ಪೀರಮ್ಮ ಬದುಕಿರುವವರೆಗೆ ಅವಳ ಅನುಭವದಲ್ಲಿರಬೇಕು, ಆನಂತರ ಕಂಪನಿಗೆ ಸೇರಬೇಕು. ನಡುವೆ ಗೋಡೆ ಕಟ್ಟಿಸುವ ಹೊಣೆ ಕಂಪನಿಯದು. ಪ್ರತಿಯನ್ನು ಅವಳ ಕೈಗೆ ಕೊಟ್ಟು ರುಜು ಪಡೆದುಕೊಂಡು ಬರಲು ಶ್ರೀಪ್ರಿಯಾಳನ್ನೇ ಕಳಿಸಿದರು.

ಅವಳು ಹೋದಾಗ ಕೋಟೆಯೊಳಗೆ ಗೋಡೆಯ ಪಾಯ ತೋಡುತ್ತಿದ್ದರು. ಕಂಪನಿಯ ಮೇಸ್ತ್ರಿ ನಾಗೇಶ ಸುಣ್ಣದ ಗೆರೆ ಎಳೆದು ನಿಂತಿದ್ದ. ಪೀರಮ್ಮ ಅಂಗಳದಲ್ಲಿ ಕೂತು, ಗೋಡೆ ಎಲ್ಲಿ ಬರಬೇಕು ಎಂಬುದಕ್ಕೆ ಮೂರು ಸಲ ತಕರಾರು ತೆಗೆದು, ಅಂಗಳವನ್ನು ಎಮ್ಮೆ ತಿರುಗುವಷ್ಟು ಅಗಲ ಮಾಡಿಸಿಕೊಂಡಿದ್ದಳು. ಶ್ರೀಪ್ರಿಯಾ ಅವಳ ಪಕ್ಕದ ಕಟ್ಟೆಯ ಮೇಲೆ ಕುಳಿತು ಆದೇಶವನ್ನು ತೆಲುಗಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದಳು. ‘ನೀವು’ ಎಂದೇ ಹೇಳಿದಳು. ಪೀರಮ್ಮ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

“ನಾ ಇರೋ ತನಕ ಅಂದ್ರ, ಎಷ್ಟ ವರ್ಷ ಅಂತ ಬರದಾರೇನ್ರಿ?”

“ವರ್ಷ ಬರದಿಲ್ಲ. ನೀವು ಇರೋ ತನಕ.”

ಪೀರಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಕಂಪನಿಗೆ ಮೂವತ್ತಮೂರು ವರ್ಷ ಅಲ್ಲವೇ ಎಂದು ಕೇಳಿ ಖಚಿತ ಮಾಡಿಕೊಂಡಳು. ತನಗೆ ಈಗ ಅರವತ್ತಮೂರೋ ಅರವತ್ತನಾಲ್ಕೋ ಎಂದಳು. ಆಮೇಲೆ ನಾಗೇಶನಿಗೆ ಕೇಳಿಸುವಂತೆ ದನಿ ಏರಿಸಿದಳು.

“ನಮ್ಮವ್ವ ತೊಂಬತ್ತೇಳಕ್ಕ ಹೋದ್ಲಪ. ಕಡೀತನಕ ಆಕಿನ ನೀರ ಸೇದಾಕಿ. ನಿಮ್ಮ ಸಾಹೇಬ್ರಿಗೆ ಹೇಳು, ಅವಸರ ಮಾಡಬ್ಯಾಡ್ರಿ ಅಂತ.”

ನಾಗೇಶ ನಗುತ್ತಾ ಗುದ್ದಲಿ ಎತ್ತಿಕೊಂಡ. ಪೀರಮ್ಮ ಹಾಸ್ಟೆಲಿನ ಹುಡುಗಿಯರಿಂದ ಕಲಿತ ದಪ್ಪ ಅಕ್ಷರಗಳಲ್ಲಿ, ಒತ್ತಕ್ಷರದ ಹತ್ತಿರ ನಿಂತು, ಮತ್ತೆ ಮುಂದುವರಿದು, ತನ್ನ ಹೆಸರು ಬರೆದಳು.